ಚಹಾ ಚೆಲ್ಲಿದ ಕೀಲಿಮಣೆ: ಅಂಟುವ ಕೀಲಿಯ ಕಥೆ ಮತ್ತು ಚಿಕಿತ್ಸೆ

ಗಣಕಯಂತ್ರದ ಭಾಗಗಳಲ್ಲಿ ನಮ್ಮ ಕೈ ಅತಿ ಹೆಚ್ಚು ತಾಗುವುದು ಕೀಲಿಮಣೆಗೆ. ಅದರ ಪಕ್ಕದಲ್ಲೇ ಚಹಾದ ಲೋಟ ಇರುವುದೂ ಅಷ್ಟೇ ಸಾಮಾನ್ಯ. ಲಿಂಗಸುಗೂರು, ಸಿಂಧನೂರು, ಮಸ್ಕಿಯಂಥ ಊರುಗಳಲ್ಲಿ ತಹಸೀಲು ಕಚೇರಿಯ ಸುತ್ತಮುತ್ತಲಿನ ಡಿ.ಟಿ.ಪಿ. ಮತ್ತು ಝೆರಾಕ್ಸ್ ಅಂಗಡಿಗಳನ್ನು ನೀವು ಗಮನಿಸಿರಬಹುದು. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ ಎಲ್ಲವೂ ಒಂದೇ ಮೇಜಿನ ಮೇಲೆ ತಯಾರಾಗುತ್ತವೆ. ಚಹಾ ಕುಡಿಯುವುದೂ ಆ ಮೇಜಿನ ಮೇಲೆಯೇ. ಲೋಟ ಉರುಳಿದ ದಿನ ಬಟ್ಟೆಯಿಂದ ಒರೆಸಿದರೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಮರುದಿನ ಒತ್ತಿದ ಕೀಲಿ ಮೇಲೇಳುವುದಿಲ್ಲ, ಅಥವಾ ಒಂದು ಸಲ ಒತ್ತಿದರೆ ಅದೇ ಅಕ್ಷರ ಸಾಲುಗಟ್ಟಲೆ ಮೂಡುತ್ತದೆ.

ಇಂಥ ಕೀಲಿಮಣೆಯನ್ನು ಬಹುಮಂದಿ ಎಸೆದುಬಿಡುತ್ತಾರೆ. ಎಸೆಯುವ ಮೊದಲು ಅದರೊಳಗೆ ಏನಾಗಿದೆ ಎಂದು ತಿಳಿಯುವುದು ಒಳ್ಳೆಯದು. ಕೀಲಿಯ ರಚನೆ ಸುಮಾರು ನೂರೈವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಚೆಲ್ಲಿದ ಚಹಾ ಎಲ್ಲಿ ಹೋಗಿ ನಿಲ್ಲುತ್ತದೆ, ಅದನ್ನು ಹೇಗೆ ತೆಗೆಯಬೇಕು ಎಂಬುದನ್ನು ಆ ರಚನೆಯೇ ನಿರ್ಧರಿಸುತ್ತದೆ.

ಸರಳುಗಳ ಕಾಲ

ಅಮೆರಿಕದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದರು. ರೆಮಿಂಗ್ಟನ್ ಕಂಪನಿಯು ಅದನ್ನು ಸುಧಾರಿಸಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಗೋದ್ರೆಜ್ ಕಂಪನಿ 1955ರಲ್ಲಿ ಬೆರಳಚ್ಚು ಯಂತ್ರದ ತಯಾರಿಕೆ ಆರಂಭಿಸಿತು. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಗಳನ್ನು ಜೋಡಿಸಿಕೊಟ್ಟವರು ಅನಂತ ಸುಬ್ಬರಾಯರು. ಒಂದು ಕೀಲಿಗೆ ಎರಡೇ ಅಚ್ಚು ಎಂಬ ಮಿತಿಯೊಳಗೆ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವನ್ನೂ ಹೊಂದಿಸಬೇಕಾಗಿದ್ದುದರಿಂದ ಅದು ಸುಲಭದ ಕೆಲಸವಾಗಿರಲಿಲ್ಲ.

ಲಿಂಗಸುಗೂರಿಗೆ ಕನ್ನಡದ ಬೆರಳಚ್ಚು ತಡವಾಗಿಯೇ ಬಂದಿತು ಎನ್ನಬೇಕು. 1905ರವರೆಗೆ ಈ ಊರು ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲಾ ಕೇಂದ್ರವಾಗಿತ್ತು; ಅನಂತರ ರಾಯಚೂರು ಜಿಲ್ಲೆಗೆ ಸೇರಿತು. ನಿಜಾಮರ ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಅಧಿಕೃತ ಭಾಷಾ ಕಾಯಿದೆ ಬಂದ ಮೇಲೆ ಕಚೇರಿಗಳಲ್ಲಿ ಕನ್ನಡ ಬೆರಳಚ್ಚಿಗೆ ಕಾನೂನಿನ ಬೆಂಬಲ ದೊರೆಯಿತು.

ಬೆರಳಚ್ಚು ಯಂತ್ರದಲ್ಲಿ ಕೀಲಿಯನ್ನು ಒತ್ತಿದಾಗ ಸನ್ನೆಕೋಲಿನ ಮೂಲಕ ಒಂದು ಉಕ್ಕಿನ ಸರಳು ಎದ್ದು ಕಾಗದಕ್ಕೆ ಬಡಿಯುತ್ತದೆ. ಯಂತ್ರದ ಒಳಭಾಗ ಬಹುಪಾಲು ತೆರೆದೇ ಇರುತ್ತದೆ. ಚೆಲ್ಲಿದ ಚಹಾದ ಹೆಚ್ಚಿನ ಭಾಗ ಸರಳುಗಳ ನಡುವೆ ಹರಿದು ಮೇಜಿಗೆ ಇಳಿಯುತ್ತದೆ. ಉಳಿದದ್ದು ಸರಳು ಹೊರಳುವ ಕಿರಿದಾದ ಗಾಡಿಯಲ್ಲಿ ಒಣಗಿ ಅಂಟಾಗುತ್ತದೆ. ದೋಷ ಕಣ್ಣಿಗೆ ಕಾಣುತ್ತದೆ, ಬ್ರಷ್ಷಿಗೆ ಎಟುಕುತ್ತದೆ. ಅಷ್ಟೇ ಅಲ್ಲ, ತಪ್ಪು ಅಕ್ಷರ ಬಿದ್ದರೆ ಆ ಕ್ಷಣವೇ ಕಾಗದದ ಮೇಲೆ ತಿಳಿಯುತ್ತದೆ.

ಸ್ಪ್ರಿಂಗಿನಿಂದ ರಬ್ಬರಿಗೆ

1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ವೈಯಕ್ತಿಕ ಗಣಕವನ್ನು ಬಿಡುಗಡೆ ಮಾಡಿತು. ಅದರ ಕೀಲಿಮಣೆಯಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಸುರುಳಿ ಸ್ಪ್ರಿಂಗ್ ಇತ್ತು. ಕೀಲಿ ಒತ್ತಿದಾಗ ಸ್ಪ್ರಿಂಗ್ ಪಕ್ಕಕ್ಕೆ ಬಾಗಿ 'ಟಕ್' ಎಂದು ಸದ್ದು ಮಾಡಿ ಸಂಕೇತ ನೀಡುತ್ತಿತ್ತು. 1985ರ 'ಮಾಡೆಲ್ ಎಂ' ಕೀಲಿಮಣೆಯಲ್ಲಿ ಇದೇ ಸ್ಪ್ರಿಂಗಿನ ಕೆಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದ ವಿದ್ಯುನ್ಮಂಡಲ ಬಂದಿತು. 1990ರ ದಶಕದಲ್ಲಿ ತಯಾರಾದ ಮಾಡೆಲ್ ಎಂ ಕೀಲಿಮಣೆಗಳಲ್ಲಿ ನೀರು ಹರಿದುಹೋಗಲು ತೂತುಗಳನ್ನೂ ಇರಿಸಲಾಯಿತು. ಪಾನೀಯ ಚೆಲ್ಲುವುದು ಅಪರೂಪದ ಅಪಘಾತವಲ್ಲ, ದಿನನಿತ್ಯದ ಬಳಕೆಯ ಒಂದು ಭಾಗ ಎಂಬುದನ್ನು ವಿನ್ಯಾಸಕಾರರು ಒಪ್ಪಿಕೊಂಡದ್ದಕ್ಕೆ ಇದು ಸಾಕ್ಷಿ.

ಇನ್ನೊಂದು ಬಗೆಯಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ ಇರುತ್ತದೆ. ಚೆರ್ರಿ ಕಂಪನಿಯ ಇಂಥ ಸ್ವಿಚ್ಚುಗಳು 1980ರ ದಶಕದಿಂದ ಪ್ರಸಿದ್ಧ. ನಮ್ಮ ಡಿ.ಟಿ.ಪಿ. ಕೇಂದ್ರಗಳಲ್ಲೂ ಬ್ಯಾಂಕುಗಳಲ್ಲೂ ಹೆಸರು ಮಾಡಿದ 'ಟಿ.ವಿ.ಎಸ್. ಗೋಲ್ಡ್' ಕೀಲಿಮಣೆ ಈ ಜಾತಿಗೆ ಸೇರಿದ್ದು.

ಗಣಕಯಂತ್ರದ ಬೆಲೆ ಇಳಿದಂತೆ ಕೀಲಿಮಣೆಯೂ ಅಗ್ಗವಾಗಬೇಕಾಯಿತು. ಆಗ ಹರಡಿದ್ದು ರಬ್ಬರ್ ಗುಮ್ಮಟದ ಕೀಲಿಮಣೆ. ಇದರಲ್ಲಿ ಪ್ರತಿ ಕೀಲಿಯ ಕೆಳಗೂ ರಬ್ಬರಿನ ಚಿಕ್ಕ ಗುಮ್ಮಟವಿದೆ. ಅದರಡಿ ಮೂರು ಪ್ಲಾಸ್ಟಿಕ್ ಪೊರೆಗಳಿವೆ. ಮೇಲಿನ ಮತ್ತು ಕೆಳಗಿನ ಪೊರೆಗಳ ಮೇಲೆ ಬೆಳ್ಳಿ ಅಥವಾ ಇಂಗಾಲ ಬೆರೆತ ಶಾಯಿಯಿಂದ ವಾಹಕ ಗೆರೆಗಳನ್ನು ಮುದ್ರಿಸಲಾಗಿದೆ. ನಡುವಿನ ಪೊರೆಯಲ್ಲಿ ಕೀಲಿಗೊಂದರಂತೆ ತೂತುಗಳಿವೆ. ಕೀಲಿ ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನದನ್ನು ಮುಟ್ಟುತ್ತದೆ. ಚಹಾ ಪೊರೆಗಳ ನಡುವೆ ಒಮ್ಮೆ ನುಸುಳಿದರೆ ತಾನಾಗಿ ಹೊರಬರುವ ದಾರಿಯಿಲ್ಲ. ಅಗ್ಗವಾದಂತೆಲ್ಲ ಕೀಲಿಮಣೆಯ ದೋಷ ಕಣ್ಣಿಗೆ ಮರೆಯಾಗುತ್ತ ಬಂದಿತು.

ಒಂದು ಕೀಲಿ, ಒಂದು ಹೆಸರು

ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಬದಲಾವಣೆ ನಡೆಯಿತು. 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿ ಇದು ಜಾರಿಗೆ ಬಂದು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಾಯಿತು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ಸಿಗತೊಡಗಿತು. ರೈತರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಡಲಾಗಿತ್ತು. ತನ್ನ ದಾಖಲೆಯಲ್ಲಿ ಏನಿದೆ ಎಂಬುದನ್ನು ರೈತ ತಾನೇ ನೋಡಬಹುದಾಗಿತ್ತು.

ಆ ವರ್ಷಗಳಲ್ಲೇ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಕೀಲಿಮಣೆಯನ್ನು ಸರ್ಕಾರ ಶಿಷ್ಟ ವಿನ್ಯಾಸವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಊರೂರಿಗೆ ತಲುಪಿತು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಬರೆಯಲು ಸಾಧ್ಯವಾದದ್ದು ಈ ವಿನ್ಯಾಸದ ಹಿರಿಮೆ. ಅದಕ್ಕಾಗಿ ಎರಡು ಕೀಲಿಗಳ ಮೇಲೆ ಹೆಚ್ಚಿನ ಹೊಣೆ ಬಿದ್ದಿದೆ. ಒತ್ತಕ್ಷರ ಬೇಕಾದರೆ 'ಎಫ್' ಕೀಲಿ ಬೇಕು. ದೀರ್ಘ ಸ್ವರ, ಮಹಾಪ್ರಾಣ, ಅನುಸ್ವಾರ, ಶ, ಣ, ಳ ಇವುಗಳಿಗೆ 'ಶಿಫ್ಟ್' ಬೇಕು.

ಈ ಎರಡು ಕೀಲಿಗಳು ಕೈಕೊಟ್ಟರೆ ಏನಾಗುತ್ತದೆ ನೋಡಿ. ಎಫ್ ಕೆಲಸ ಮಾಡದಿದ್ದರೆ 'ಮಸ್ಕಿ' ಎಂಬುದು 'ಮಸಕಿ' ಆಗುತ್ತದೆ. ಶಿಫ್ಟ್ ಹಿಡಿಯದಿದ್ದರೆ 'ಸಿಂಧನೂರು' 'ಸಿಮದನುರು' ಆಗುತ್ತದೆ, 'ಲಿಂಗಸುಗೂರು' 'ಲಿಮಗಸುಗುರು' ಆಗುತ್ತದೆ. ಶಿಫ್ಟ್ ಒತ್ತಿದಂತೆಯೇ ಅಂಟಿಕೊಂಡರೆ 'ಕಲ' ಹೋಗಿ 'ಖಳ' ಬರುತ್ತದೆ. ಊರ ಹೆಸರಿನ ತಪ್ಪು ಎದ್ದು ಕಾಣುತ್ತದೆ. ಆದರೆ 'ಶರಣಪ್ಪ' ಎಂಬ ಹೆಸರು ಶಿಫ್ಟ್ ಇಲ್ಲದೆ 'ಸರನಪ್ಪ' ಆದರೆ ಅವಸರದ ಕಣ್ಣು ಅದನ್ನು ದಾಟಿಹೋಗುತ್ತದೆ. ಕಾಗದದ ಮೇಲಿನ ತಪ್ಪು ಒಂದು ಪ್ರತಿಗೆ ಸೀಮಿತ. ಗಣಕದಲ್ಲಿ ಉಳಿದ ತಪ್ಪು ಪ್ರತಿ ಮುದ್ರಣದಲ್ಲೂ ಮರಳಿ ಬರುತ್ತದೆ. ಪಹಣಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲೆದಾಡಬೇಕಾದವರು ರೈತರೇ.

ಹೆಸರಿನ ಬೆಲೆ ಏನೆಂಬುದು ಈ ಸೀಮೆಯವರಿಗೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಪತ್ತೆ ಮಾಡಿದ ಶಾಸನದಲ್ಲಿ 'ಅಶೋಕ' ಎಂಬ ಹೆಸರು ಇದ್ದುದರಿಂದಲೇ, ಬೇರೆ ಶಾಸನಗಳ 'ದೇವಾನಾಂಪ್ರಿಯ' ಯಾರೆಂಬುದು ಖಚಿತವಾಯಿತು.

ಅಂಟಿನ ರಸಾಯನಶಾಸ್ತ್ರ

ಈಗ ಅಂಟಿನ ಕಾರಣಕ್ಕೆ ಬರೋಣ. ಬರಿಯ ನೀರು ಚೆಲ್ಲಿದರೆ ಆರಿಹೋಗುತ್ತದೆ. ಚಹಾದಲ್ಲಿ ಸಕ್ಕರೆಯಿದೆ, ಹಾಲಿನ ಕೊಬ್ಬು ಮತ್ತು ಪ್ರೋಟೀನುಗಳಿವೆ. 300 ಮಿಲಿಲೀಟರಿನ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಕೋಲಾ ಬಗೆಯದಾದರೆ ಜೊತೆಗೆ ಫಾಸ್ಫಾರಿಕ್ ಆಮ್ಲವೂ ಇರುತ್ತದೆ. ನೀರು ಆವಿಯಾದಂತೆ ಸಕ್ಕರೆ ಪಾಕವಾಗುತ್ತದೆ. ಪಾಕ ಕೀಲಿಯ ಕಾಂಡಕ್ಕೂ ಅದು ಜಾರುವ ಕೊಳವೆಗೂ ನಡುವೆ ನಿಂತು ಗೋಂದಿನಂತಾಗುತ್ತದೆ. ಇದು ಗಾಳಿಯ ತೇವವನ್ನೂ ಹೀರುತ್ತದೆ. ಬಿಸಿಲುಗಾಲದಲ್ಲಿ ಗಟ್ಟಿಯಾಗಿದ್ದ ಕೀಲಿ ಮಳೆಗಾಲದಲ್ಲಿ ಮತ್ತೆ ಜಿಗುಟಾಗುವುದು ಇದರಿಂದಲೇ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. 100 ಮಿಲಿಲೀಟರ್ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಸ್ಪಿರಿಟ್ಟಿನಲ್ಲಿ ಅದು ಬಹಳ ಕಡಿಮೆ ಕರಗುತ್ತದೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ಕರಗುವುದೇ ಇಲ್ಲ. ಎಣ್ಣೆ ಹಾಕಿದರೆ ಕೀಲಿ ಎರಡು ದಿನ ಸಲೀಸಾಗಿ ಆಡಬಹುದು, ಅನಂತರ ದೂಳು ಸೇರಿ ಮೊದಲಿಗಿಂತ ಕೆಡುತ್ತದೆ. ಸಕ್ಕರೆಗೆ ಮೊದಲ ಮದ್ದು ನೀರು. ಸ್ಪಿರಿಟ್ಟಿನ ಕೆಲಸ ಕೊನೆಯಲ್ಲಿ, ಉಳಿದ ನೀರನ್ನು ಬೇಗ ಆರಿಸುವುದಕ್ಕೆ ಮಾತ್ರ.

ದುರಸ್ತಿಯ ಕ್ರಮ

ಪಾನೀಯ ಚೆಲ್ಲಿದ ಕೂಡಲೇ ಕೀಲಿಮಣೆಯ ತಂತಿಯನ್ನು ಬಿಡಿಸಿ. ದುಂಡು ಪಿನ್ನಿನ ಹಳೆಯ ಪಿಎಸ್-2 ಬಗೆಯದಾದರೆ ಮೊದಲು ಗಣಕವನ್ನು ಮುಚ್ಚಿ ಅನಂತರ ಬಿಡಿಸಿ. ಕೀಲಿಮಣೆಗೆ ಬರುವುದು ಕೇವಲ 5 ವೋಲ್ಟ್ ಆದರೂ, ತೇವದಲ್ಲಿ ವಿದ್ಯುತ್ ಹರಿದರೆ ಪೊರೆಯ ಮೇಲಿನ ಬೆಳ್ಳಿಯ ಗೆರೆಗಳು ಕೆಡುತ್ತವೆ. ಕೀಲಿಮಣೆಯನ್ನು ಬೋರಲು ಹಾಕಿ ದ್ರವ ಸೋರಲು ಬಿಡಿ.

ಅನಂತರ ದೋಷ ಯಾವ ಬಗೆಯದು ಎಂದು ನೋಡಿ. ಕೀಲಿ ಒತ್ತಿದಲ್ಲೇ ನಿಂತರೆ ಅಥವಾ ನಿಧಾನವಾಗಿ ಎದ್ದರೆ ಅಂಟು ಕಾಂಡದಲ್ಲಿದೆ. ಕೀಲಿ ಸಲೀಸಾಗಿ ಆಡಿದರೂ ಅಕ್ಷರ ಮೂಡದಿದ್ದರೆ ದೋಷ ಪೊರೆಯಲ್ಲಿದೆ. ಕೀಲಿಗಳನ್ನು ಅಡ್ಡ ಮತ್ತು ಉದ್ದ ಸಾಲುಗಳ ಜಾಲವಾಗಿ ಜೋಡಿಸಿರುವುದರಿಂದ, ಒಂದು ಗೆರೆ ಕಡಿದರೆ ಹಲವು ಕೀಲಿಗಳು ಒಟ್ಟಿಗೆ ಸುಮ್ಮನಾಗುತ್ತವೆ.

ಅಂಟು ಕಾಂಡದಲ್ಲಿದ್ದರೆ ಮೊದಲು ಕೀಲಿಗಳ ಸ್ಥಾನವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಕೀಲಿಯ ಟೋಪಿಯನ್ನು ನೇರವಾಗಿ ಮೇಲಕ್ಕೆ ಎತ್ತಿ ತೆಗೆಯಿರಿ. ಸ್ಪೇಸ್, ಎಂಟರ್, ಶಿಫ್ಟ್ ಮುಂತಾದ ಅಗಲ ಕೀಲಿಗಳಡಿ ಉಕ್ಕಿನ ತಂತಿ ಇರಬಹುದು, ಎಳೆದಾಡಬೇಡಿ. ಟೋಪಿಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಹಾಲಿನ ಜಿಡ್ಡು ಹೋಗಲು ಸೋಪು ಬೇಕು. ಕಾಂಡ ಜಾರುವ ಕೊಳವೆಯನ್ನು ತೇವ ಮಾಡಿದ ಹತ್ತಿಯ ಕಡ್ಡಿಯಿಂದ ಒರೆಸಿ. ಬೋರ್‌ವೆಲ್ಲಿನ ಗಡಸು ನೀರು ಆರಿದಾಗ ಲವಣ ಉಳಿಯುತ್ತದೆ. ಆದ್ದರಿಂದ ಕೊನೆಯ ಒರೆಸುವಿಕೆಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಮ್ಮೆ ಒರೆಸಿದರೆ ಸಾಕು. ಬೆಂಕಿಯನ್ನು ದೂರವಿಡಿ.

ಪ್ರತ್ಯೇಕ ಸ್ವಿಚ್ಚಿನ ಕೀಲಿಮಣೆಯಾದರೆ ಟೋಪಿ ತೆಗೆದು, ಸ್ವಿಚ್ಚಿನೊಳಗೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಹತ್ತಿಪ್ಪತ್ತು ಸಲ ಒತ್ತಿ ಬೋರಲು ಹಾಕಿ. ಇದನ್ನು ಎರಡು ಮೂರು ಸಲ ಮಾಡಿ, ಕೊನೆಗೆ ಅದೇ ರೀತಿ ಆಲ್ಕೊಹಾಲು ಹಾಕಿ.

ದೋಷ ಪೊರೆಯಲ್ಲಿದ್ದರೆ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಬೇಕು. ಕೆಲವು ಅಂಟುಚೀಟಿಯ ಅಡಿಯಲ್ಲಿರಬಹುದು. ರಬ್ಬರ್ ಹಾಳೆಯನ್ನು ತೊಳೆಯಬಹುದು. ಪೊರೆಗಳನ್ನು ಮಾತ್ರ ಉಜ್ಜಬೇಡಿ, ಒದ್ದೆ ಹತ್ತಿಬಟ್ಟೆಯನ್ನು ಮೆಲ್ಲಗೆ ಆಡಿಸಿ. ತಂತಿ ಸೇರುವ ಚಿಕ್ಕ ವಿದ್ಯುನ್ಮಂಡಲದ ಹಲಗೆಗೆ ನೀರು ತಾಗಿಸಬೇಡಿ. ಎಲ್ಲವನ್ನೂ ನೆರಳಿನಲ್ಲಿ ಒಂದೆರಡು ದಿನ ಆರಲು ಬಿಡಿ. ರಾಯಚೂರು ಸೀಮೆಯ ಬಿಸಿಲಿಗೆ ಇಟ್ಟರೆ ಬೇಗ ಆರೀತು, ಆದರೆ ತೆಳು ಪ್ಲಾಸ್ಟಿಕ್ ಡೊಂಕಾಗುವ ಅಪಾಯವಿದೆ.

ಲ್ಯಾಪ್‌ಟಾಪಿನ ವಿಷಯ ಬೇರೆ. ಅದರ ಕೀಲಿಗಳ ಕೆಳಗೇ ಮುಖ್ಯ ವಿದ್ಯುನ್ಮಂಡಲವಿದೆ. ಕೂಡಲೇ ವಿದ್ಯುತ್ ನಿಲ್ಲಿಸಿ, ಬ್ಯಾಟರಿ ತೆಗೆಯಬಹುದಾದರೆ ತೆಗೆದು, ಬೋರಲಾಗಿಟ್ಟು ತಜ್ಞರಿಗೆ ತೋರಿಸಿ. ಚಾಲೂ ಮಾಡಿ ನೋಡುವ ಆಸೆ ಬೇಡ.

ಕೊನೆಯ ಪರೀಕ್ಷೆ

ಕೀಲಿಮಣೆಯನ್ನು ಮರಳಿ ಜೋಡಿಸಿದ ಮೇಲೆ ಕೀಲಿಗಳು ಮೇಲೆ ಕೆಳಗೆ ಆಡುತ್ತಿವೆ ಎಂದಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಬೆರಳಚ್ಚು ಯಂತ್ರದ ಕಾಲದಲ್ಲಿ ಕಾಗದವೇ ತಪ್ಪನ್ನು ತೋರಿಸುತ್ತಿತ್ತು. ಈಗ ಆ ಪರೀಕ್ಷೆಯನ್ನು ನಾವೇ ಮಾಡಬೇಕು. 'ನುಡಿ' ತೆರೆದು ಲಿಂಗಸುಗೂರು, ಸಿಂಧನೂರು, ಮಸ್ಕಿ, ಶರಣಪ್ಪ ಎಂಬ ನಾಲ್ಕು ಹೆಸರುಗಳನ್ನು ಹತ್ತು ಹತ್ತು ಸಲ ಬೆರಳಚ್ಚಿಸಿ; ಐದು ಸಲ ಎಡ ಶಿಫ್ಟ್, ಐದು ಸಲ ಬಲ ಶಿಫ್ಟ್ ಬಳಸಿ. ಒಂದು ಅನುಸ್ವಾರವೂ ಒಂದು ಒತ್ತೂ ತಪ್ಪದಿದ್ದರೆ ಕೀಲಿಮಣೆ ಸರಿಹೋಗಿದೆ. ಒಂದಾದರೂ ತಪ್ಪಿದರೆ ಅದನ್ನು ಮತ್ತೊಮ್ಮೆ ಬಿಚ್ಚಿ, ಅಥವಾ ಬದಲಿಸಿ. ಅಲ್ಲಿಯವರೆಗೆ ಯಾರ ಹೆಸರನ್ನೂ ಆ ಕೀಲಿಮಣೆಯಿಂದ ದಾಖಲೆಗೆ ಸೇರಿಸಬೇಡಿ.