ಮಂಗನ ಕಾಯಿಲೆ: ಹಲವು ಸಂಸ್ಥೆಗಳ ಸಂಯುಕ್ತ ಸಂಶೋಧನೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಗ್ರಾಮಸ್ಥರು ತೀವ್ರ ಜ್ವರಕ್ಕೆ ತುತ್ತಾದರು. ಹಳದಿ ಜ್ವರವು ಭಾರತವನ್ನು ಪ್ರವೇಶಿಸಿತೇ ಎಂಬ ಆತಂಕವೂ ಮೂಡಿತು. ಮೈಸೂರು ರಾಜ್ಯದ ಆರೋಗ್ಯ ಇಲಾಖೆಯೊಡನೆ ಪುಣೆಯ ವೈರಸ್ ಸಂಶೋಧನಾ ಕೇಂದ್ರವು ತನಿಖೆ ಕೈಗೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನಗಳು 1952ರಲ್ಲಿ ಜೊತೆಗೂಡಿ ಸ್ಥಾಪಿಸಿದ ಕೇಂದ್ರವದು. ರೋಗವು ಹಳದಿ ಜ್ವರವಲ್ಲ, ಉಣುಗುಗಳ ಕಡಿತದಿಂದ ಹರಡುವ ಹೊಸ ವೈರಸ್‌ನಿಂದ ಬಂದುದೆಂದು ಸಿದ್ಧವಾಯಿತು.

ರೋಗಿಯ ರಕ್ತ, ಸತ್ತ ಮಂಗದ ಅಂಗಾಂಶ, ಕಾಡಿನ ಉಣುಗು ಇವು ಮೂರೂ ಸ್ಥಳ ಹಾಗೂ ದಿನಾಂಕದ ದಾಖಲೆಯೊಡನೆ ಪ್ರಯೋಗಾಲಯ ಸೇರಿದಾಗಲೇ ರೋಗದ ಜಾಡು ತಿಳಿಯುತ್ತದೆ. ಮಾದರಿಗಳನ್ನು ತಂಪಿನಲ್ಲಿರಿಸಿ ಸಾಗಿಸಬೇಕು. ವಿಳಂಬವಾದರೆ ಅವು ಕೆಡುತ್ತವೆ. ಆದುದರಿಂದ ಆರೋಗ್ಯ, ಪಶುಸಂಗೋಪನೆ ಮತ್ತು ಅರಣ್ಯ ಇಲಾಖೆಗಳು ಒಂದಕ್ಕೊಂದು ಮಾಹಿತಿ ನೀಡುವುದು ಅನಿವಾರ್ಯ.

ನಮ್ಮ ಭಾಗಕ್ಕೂ ಈ ಪಾಠವು ಅನ್ವಯಿಸುತ್ತದೆ. ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿವೆ. ರೋಗಕ್ಕೆ ಜಿಲ್ಲೆಯ ಗಡಿಯಿಲ್ಲ. ಆದಕಾರಣ ಎರಡೂ ಜಿಲ್ಲಾಡಳಿತಗಳ ನಡುವೆ ಸಮನ್ವಯವಿರಬೇಕು. ಸಂಡೂರಿನ ಕಾಡಿನಲ್ಲಾಗಲಿ ಹಂಪಿಯ ಬೆಟ್ಟಗಳಲ್ಲಾಗಲಿ ಮಂಗಗಳು ಸತ್ತುಬಿದ್ದುದು ಕಂಡುಬಂದರೆ ಭಕ್ತರು ಅವುಗಳನ್ನು ಮುಟ್ಟದೆ, ಸಮೀಪದ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಕಚೇರಿಗೆ ಕೂಡಲೇ ತಿಳಿಸಬೇಕು. ಸಂಶೋಧನೆಯ ಮೊದಲ ದಾಖಲೆ ಆರಂಭವಾಗುವುದು ಆ ಸುದ್ದಿಯಿಂದಲೇ.