ಬದ್ಲಿ: ಒಂದು ಮಿಲ್ ಮಾತಿನ ಚರಿತ್ರೆ

ಬಿನ್ನಿಪೇಟೆಯಲ್ಲಿ ಈಗ ಬಿನ್ನಿ ಮಿಲ್ಲಿಲ್ಲ. ಆ ಜಾಗದಲ್ಲಿ ಎತ್ತರದ ವಸತಿ ಕಟ್ಟಡಗಳೆದ್ದಿವೆ, ಮಾಲ್ ಎದ್ದಿದೆ. 1884ರಲ್ಲಿ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಶುರುವಾಗಿ, ಆಮೇಲೆ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋದ ಕಾರ್ಖಾನೆ ಅದು. ಮಿಲ್ಲು ಹೋದರೂ ಯಜಮಾನನ ಹೆಸರು ಪೇಟೆಗೆ ಅಂಟಿಕೊಂಡು ಉಳಿಯಿತು. ದುಡಿದವರ ಕಡೆಯಿಂದ ಉಳಿದದ್ದು ಕೆಲವು ಮಾತುಗಳು ಮಾತ್ರ. ಅದರಲ್ಲೊಂದು, ಬದ್ಲಿ.

ಅರಬ್ಬಿಯ 'ಬದಲ್' ಉರ್ದುವಿನ ದಾರಿ ಹಿಡಿದು ನಮ್ಮ ಬಾಯಿಗೆ ಬಂತು. ಅಕ್ಕಿ ಬದಲಿಗೆ ರಾಗಿ ಕೊಡು ಅಂತೀವಿ. ಅಣ್ಣನ ಬದಲಿಗೆ ತಮ್ಮ ಹೋಗಲಿ ಅಂತೀವಿ. ಹಾಗೆಂದಾಗ ರಾಗಿ ರಾಗಿಯಾಗೇ ಇರುತ್ತದೆ, ತಮ್ಮ ತಮ್ಮನಾಗೇ ಇರುತ್ತಾನೆ. ಮಿಲ್ಲಿನ ಗೇಟಿನಲ್ಲಿ ಆ 'ಗೆ' ಬಿದ್ದುಹೋಯಿತು. ಬದಲಿಗೆ ಬಂದವನು ತಾನೇ ಬದ್ಲಿಯಾದ. "ನಿಮ್ಮ ಹುಡುಗ ಪರ್ಮನೆಂಟಾ?" "ಇಲ್ಲ ಕಣಣ್ಣಾ, ಬದ್ಲಿ." ಕೆಲಸದ ರೀತಿ ಹೇಳಬೇಕಾದ ಮಾತು ಮನುಷ್ಯನ ಹೆಸರಾಗಿ ಕೂತಿತು.

ಇದು ಬಿನ್ನಿಪೇಟೆಯೊಂದರ ಮಾತಲ್ಲ. ಮುಂಬೈಯಿಂದ ಮದರಾಸಿನ ತನಕ ಬಟ್ಟೆ ಮಿಲ್ಲುಗಳಿದ್ದ ಕಡೆಯೆಲ್ಲ ಬದ್ಲಿಗಳಿದ್ದರು. ಪಾಳಿ ಶುರುವಾಗುವ ಹೊತ್ತಿಗೆ ಬುತ್ತಿ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಕಾಯಂ ಕೆಲಸಗಾರ ಬರದಿದ್ದರೆ ಅವತ್ತು ಕೂಲಿ. ಎಲ್ಲರೂ ಬಂದರೆ ಬುತ್ತಿ ಸಮೇತ ಮನೆಗೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನ ಮನೆಯಲ್ಲಿ ಒಲೆ ಉರಿಯಬೇಕು ಅನ್ನುವ ಏರ್ಪಾಡು ಇದು. ಕೂಲಿಗಾರನನ್ನು ಕೂಲಿಗಾರನ ಎದುರು ನಿಲ್ಲಿಸಿ ಯಜಮಾನ ಪಕ್ಕಕ್ಕೆ ಸರಿದ. ಮುಂಬೈಯಲ್ಲಿ ಯಾರನ್ನು ಒಳಕ್ಕೆ ಬಿಡಬೇಕೆಂಬುದು ಮೇಸ್ತ್ರಿಯ ಕೈಲಿತ್ತು, ಅವನ ಕೈ ಬೆಚ್ಚಗೆ ಮಾಡಬೇಕಿತ್ತು. ಆ ಲಂಚಕ್ಕೆ ಕಡಿವಾಣ ಹಾಕಲು ಅಲ್ಲಿ 1935ರಲ್ಲಿ ಬದ್ಲಿಗಳಿಗೆ ಕಾರ್ಡು ಕೊಡುವ ಪದ್ಧತಿ ತಂದರು. ಕಾರ್ಡು ಬಂತು, ಕಾಯುವುದು ತಪ್ಪಲಿಲ್ಲ.

ಬೆರಳು ತೋರಿಸಿ ಆಳು ಆರಿಸುವ ಕಡೆ ಜಾತಿ ಸುಮ್ಮನಿರುತ್ತದೆಯೆ? ಅದೇ ಮುಂಬೈಯಲ್ಲಿ ಅಸ್ಪೃಶ್ಯರಿಗೆ ನೇಯ್ಗೆ ವಿಭಾಗದ ಬಾಗಿಲೇ ಮುಚ್ಚಿತ್ತು. ಲಾಳಿಗೆ ನೂಲು ಪೋಣಿಸಲು ಬಾಯಿಂದ ಹೀರಬೇಕಿತ್ತು. ದಲಿತನ ಎಂಜಲು ತಾಗಿದ ಲಾಳಿ ಸವರ್ಣ ಕೂಲಿಗಾರನಿಗೆ ಮೈಲಿಗೆ. ಹೆಚ್ಚು ಕೂಲಿಯ ನೇಯ್ಗೆ ಅವರಿಗೆ, ಕಡಿಮೆ ಕೂಲಿಯ ನೂಲುವ ಕೆಲಸ ನಮಗೆ. 1928ರ ಮಹಾ ಮುಷ್ಕರದಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಈ ಅನ್ಯಾಯವನ್ನು ಕಾರ್ಮಿಕ ನಾಯಕರ ಮುಂದಿಟ್ಟರು. ನೇಯ್ಗೆ ವಿಭಾಗದಲ್ಲಿ ದಲಿತರ ಹಕ್ಕನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ ಎಂದು ಪಟ್ಟು ಹಿಡಿದರು. ಬಂಡವಾಳಗಾರನ ವಿರುದ್ಧ ಎತ್ತಿದ ಮುಷ್ಟಿ ಪಕ್ಕದವನನ್ನು ಮುಟ್ಟಲು ಹೇಸಿದರೆ ಅದು ಯಾವ ಹೋರಾಟ?

ಕಾನೂನು ಈ ಮಾತಿಗೆ ಏನರ್ಥ ಕೊಟ್ಟಿತು ನೋಡಿ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಲೇಆಫ್ ಪರಿಹಾರದ ಭಾಗ ಸೇರಿತು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಇನ್ನೊಬ್ಬನ ಜಾಗದಲ್ಲಿ ದುಡಿಯುವವನು ಬದ್ಲಿ, ಅವನಿಗೆ ಆ ಪರಿಹಾರ ಇಲ್ಲ ಎಂದಿತು. ಒಂದು ವರ್ಷ ಸತತ ದುಡಿದರೆ ಮಾತ್ರ ಆ ವಿಷಯದಲ್ಲಿ ಅವನು ಬದ್ಲಿಯಲ್ಲ. ಅದಕ್ಕೆ 240 ದಿನದ ಲೆಕ್ಕ. 1982ರ ತಿದ್ದುಪಡಿಯಲ್ಲಿ, ಕಾಯಂ ಹಕ್ಕು ತಪ್ಪಿಸಲೆಂದೇ ವರ್ಷಗಟ್ಟಲೆ ಬದ್ಲಿಗಳಾಗಿ ಇಟ್ಟುಕೊಳ್ಳುವುದು ಅನ್ಯಾಯದ ಪದ್ಧತಿ ಎಂದು ಬರೆಯಬೇಕಾಯಿತು. ಇಲ್ಲದ ರೋಗಕ್ಕೆ ಯಾರೂ ಮದ್ದು ಅರೆಯುವುದಿಲ್ಲ.

ಬೆವರು ಇವನದು, ಪುಸ್ತಕದಲ್ಲಿ ಹೆಸರು ಇನ್ನೊಬ್ಬನದು. ಊರ ಹಬ್ಬಕ್ಕೆ ತಮಟೆ ಬಡಿದು, ಊರ ಸತ್ತ ದನ ಹೊತ್ತು, ಊರೊಳಗೆ ಮನೆಯಿಲ್ಲದ ನಮ್ಮಪ್ಪ ತಾತಂದಿರಿಗೆ ಇದೇನು ಹೊಸ ಪಾಠವೆ? ಮಿಲ್ಲಿಗೆ ಬಂದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು ಅಷ್ಟೆ.

ಮಿಲ್ಲು ಮುಚ್ಚಿದರೂ ಬದ್ಲಿ ಹೋಗಲಿಲ್ಲ, ಹೆಸರು ಬದಲಾಯಿಸಿಕೊಂಡ. ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೇಳಿದ್ದು ಇದನ್ನೇ: ನಮ್ಮನ್ನು ಕಾಯಂ ಮಾಡಿ. ಹಳ್ಳಿ ಶಾಲೆಯ ಮೇಷ್ಟ್ರೇ, ನಿಮ್ಮ ಪಕ್ಕದ ಕೊಠಡಿಯಲ್ಲಿ ಪಾಠ ಮಾಡುವವರನ್ನು ಸರ್ಕಾರ 'ಅತಿಥಿ ಶಿಕ್ಷಕ' ಅನ್ನುತ್ತದೆ. ಅತಿಥಿಗೆ ಮನೆಯಲ್ಲಿ ಮರ್ಯಾದೆ ಉಂಟು, ಹಕ್ಕಿಲ್ಲ. ಮಿಲ್ಲಿನವರು ಇದ್ದದ್ದನ್ನು ಇದ್ದಂಗೆ ಬದ್ಲಿ ಅಂದರು. ನಾವೂ ಮೊದಲು ಇದ್ದಂಗೆ ಅನ್ನೋಣ. ಆಮೇಲೆ ಹಾಜರಿ ಪುಸ್ತಕ ಕೇಳೋಣ.