ಕಾಲಾಣೆಯ ಕಾರ್ಡು ಮತ್ತು ಮೊಬೈಲ್ ಸಂದೇಶ



ಐವತ್ತು ಪೈಸೆಗೆ ಇಂದು ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ಅಂಚೆ ಕಚೇರಿಯಲ್ಲಿ ಮಾತ್ರ ಒಂದು ಕಾರ್ಡು ಸಿಗುತ್ತದೆ. ಅದು ಬೀದರಿನಿಂದ ಕಾಶ್ಮೀರದವರೆಗೂ ಹೋಗುತ್ತದೆ. ಇಷ್ಟು ಅಗ್ಗವಿದ್ದೂ ಕೊಳ್ಳುವವರೇಕೆ ಕಡಿಮೆಯಾದರು?

ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಬ್ರಿಟನ್ನಿನಲ್ಲಿ ಮೊದಲು ದೂರ ಹೆಚ್ಚಿದಂತೆ ಅಂಚೆ ದರವೂ ಹೆಚ್ಚುತ್ತಿತ್ತು. ಸಾಮಾನ್ಯವಾಗಿ ಪತ್ರ ಪಡೆದವರೇ ಹಣ ಕೊಡಬೇಕಿತ್ತು. ದರ ಇಳಿಸಿದರೆ ಬರೆಯುವವರು ಹೆಚ್ಚುತ್ತಾರೆ ಎಂದು ರೋಲೆಂಡ್ ಹಿಲ್ ವಾದಿಸಿದರು. 1840ರಲ್ಲಿ ಒಂದು ಪೆನ್ನಿಯ ಏಕರೂಪ ದರ ಜಾರಿಗೆ ಬಂತು. ಭಾರತದಲ್ಲಿ 1854ರಲ್ಲಿ ದೂರ ಲೆಕ್ಕಿಸದೆ, ಹಗುರ ಪತ್ರಕ್ಕೆ ಅರ್ಧ ಆಣೆ ಎಂದಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು, 1950ರಲ್ಲಿ ಇನ್‌ಲ್ಯಾಂಡ್ ಲೆಟರ್ ಬಂದವು. ಗುಟ್ಟು ಇಷ್ಟೆ: ಅಂಚೆಯಣ್ಣ ಒಂದು ಪತ್ರ ಒಯ್ದರೂ ನೂರು ಒಯ್ದರೂ ನಡೆಯುವ ದಾರಿ ಒಂದೇ. ಪತ್ರಗಳು ಹೆಚ್ಚಿದಷ್ಟೂ ಒಂದೊಂದರ ಖರ್ಚು ಕಡಿಮೆ.

1995ರಲ್ಲಿ ನಮ್ಮ ದೇಶಕ್ಕೆ ಮೊಬೈಲ್ ಫೋನೂ ಸಾರ್ವಜನಿಕ ಇಂಟರ್‌ನೆಟ್ಟೂ ಬಂದವು. ಹೊಸತರಲ್ಲಿ ಅವು ದುಬಾರಿಯಾಗಿದ್ದವು. ಅಗ್ಗವಾದಂತೆ ಪತ್ರದ ಅಭ್ಯಾಸ ಕರಗಿತು. ಕೊಲ್ಲಿ ದೇಶಗಳಿಂದ ಕರಾವಳಿಯ ಮನೆಗಳಿಗೆ ಬರುತ್ತಿದ್ದ ಖತ್‌ಗಳ ಜಾಗಕ್ಕೆ ಫೋನ್ ಕರೆ, ಆಮೇಲೆ ವಾಟ್ಸ್‌ಆ್ಯಪ್ ಬಂದವು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು.

ಈಗ ಹಿಲ್ ಅವರ ಲೆಕ್ಕ ತಲೆಕೆಳಗಾಗಿದೆ. ದಾರಿ ಅಷ್ಟೇ ಇದೆ, ಪತ್ರಗಳು ಕಡಿಮೆ. ಹಾಗಾಗಿ ಒಂದೊಂದರ ಖರ್ಚು ಹೆಚ್ಚು. ದರ ಏರಿಸಿದರೆ ಉಳಿದವರೂ ಬಿಟ್ಟುಹೋಗುತ್ತಾರೆ. ಇಳಿಸಿದರೂ ಹೋದವರು ಮರಳುವುದಿಲ್ಲ, ಏಕೆಂದರೆ ಮೊಬೈಲ್ ಸಂದೇಶಕ್ಕೆ ಬೇರೆ ಖರ್ಚೇ ಕಾಣುವುದಿಲ್ಲ. ಡೆನ್ಮಾರ್ಕಿನಲ್ಲಿ 2000ದಿಂದೀಚೆಗೆ ಪತ್ರಗಳು ಶೇ. 90ಕ್ಕಿಂತ ಹೆಚ್ಚು ಕುಸಿದವು. ಅಲ್ಲಿನ ಸರ್ಕಾರಿ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು. ಭಾರತವಾದರೋ ನಷ್ಟ ಸಹಿಸಿ ಕಾರ್ಡಿನ ದರವನ್ನು ಹಾಗೆಯೇ ಉಳಿಸಿಕೊಂಡಿದೆ. ಆದರೆ 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಿದೆ. ಪಾರ್ಸೆಲ್, ಉಳಿತಾಯ ಖಾತೆ, 2018ರಲ್ಲಿ ದೇಶಾದ್ಯಂತ ಬಂದ ಅಂಚೆ ಪೇಮೆಂಟ್ಸ್ ಬ್ಯಾಂಕ್, ಇವೇ ಇಂದು ಇಲಾಖೆಯ ಭರವಸೆ.

ಹಾಗಾದರೆ ಅಂಚೆ ಬೇಡವೇ? ಯೋಚಿಸಿ ನೋಡಿ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ, ನೆಟ್‌ವರ್ಕ್ ಸಿಗದ ಹಳ್ಳಿಗೆ, ನ್ಯಾಯಾಲಯದ ನೋಟಿಸಿಗೆ ಇಂದಿಗೂ ಅಂಚೆಯಣ್ಣನೇ ಬೇಕು. ಬಡವನ ಪತ್ರಕ್ಕೂ ಧನಿಕನ ಪತ್ರಕ್ಕೂ ಒಂದೇ ದರ, ಊರು ದೂರವಾದರೂ ಅದೇ ದರ ಎಂಬುದು 1854ರಿಂದ ಬಂದ ನ್ಯಾಯ. ಅಂಚೆಯನ್ನು ಬರೀ ಲಾಭನಷ್ಟದ ತಕ್ಕಡಿಯಲ್ಲಿ ತೂಗಿದರೆ ಮೊದಲು ಸೋಲುವುದು ಈ ನ್ಯಾಯವೇ. ಆದ್ದರಿಂದ ತಮ್ಮ ಮಕ್ಕಳಿಗೆ ಪಿನ್‌ಕೋಡ್ ಸಮೇತ ವಿಳಾಸ ಬರೆಯುವುದನ್ನು ಕಲಿಸಿರಿ. ಬಳಸುವವರಿದ್ದರೆ ಮಾತ್ರ ಸೇವೆ ಉಳಿಯುತ್ತದೆ.